ಮುದ್ದೆಗೆ ಬಾಗದ ಸ್ಪೂನು

ನಮ್ಮ ಸೋದರಮಾವ ಪಾತ್ರೆ ಅಂಗಡಿಗೆ ಹೊರಟರೆ ಡಬ್ಬಿಯಲ್ಲಿ ಬಿಸಿ ರಾಗಿಮುದ್ದೆ ಇಟ್ಟುಕೊಂಡು ಹೋಗುತ್ತಾರೆ. ದಾರಿಯಲ್ಲಿ ಹಸಿವಾದೀತೆಂದಲ್ಲ, ಸ್ಪೂನುಗಳ ಪರೀಕ್ಷೆಗೆ! ಇಂಥವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಸ್ಕೂಟರಿನ ಹಿಂದೆ ಆ ಡಬ್ಬಿ ಹಿಡಿದು ಕೂತವನು ನಾನೇ.

ಮಾವ ಸೋಂಪುರದ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲು ಸರಿಯಿದೆಯೋ ಇಲ್ಲವೋ ಎಂದು ನೋಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಕಾರ್ಖಾನೆ ಅವರನ್ನು ಬಿಟ್ಟಿತು, ಅವರು ಮಾತ್ರ ಕೆಲಸ ಬಿಡಲಿಲ್ಲ. ಮನೆಗೆ ಬರುವ ತೆಂಗಿನಕಾಯಿಯಿಂದ ಹಿಡಿದು ಪೊರಕೆಯವರೆಗೆ ಎಲ್ಲವೂ ಒಂದೋ ಪಾಸ್, ಇಲ್ಲವೇ ರಿಜೆಕ್ಟ್. ನನ್ನ ಲಗ್ನಪತ್ರಿಕೆಯೇ ಎರಡು ಸಲ ರಿಜೆಕ್ಟ್ ಆಗಿತ್ತು.

ಸ್ಪೂನಿನ ಕತೆ ಶುರುವಾದದ್ದು ಅತ್ತೆಯ ಕೈಯಿಂದ. ಪಾತ್ರೆ ತೊಳೆದೂ ತೊಳೆದೂ ಅವರ ಬೆರಳುಗಳು ಬಿರಿದು ರಕ್ತ ಬರುತ್ತಿತ್ತು. ಸೋಪಿನ ನೀರು ಮುಟ್ಟಬೇಡಿ, ಸಾರಿನ ಖಾರ ತಾಗಿಸಬೇಡಿ, ಸ್ಪೂನಿನಲ್ಲಿ ಊಟ ಮಾಡಿ ಎಂದರು ಡಾಕ್ಟರು. ಮುದ್ದೆಯನ್ನು ಸ್ಪೂನಿನಲ್ಲಿ ತಿನ್ನುವುದೇ? ಅತ್ತೆಗೆ ವಿಪರೀತ ನಾಚಿಕೆ. ಎಲ್ಲರೂ ಉಂಡೆದ್ದ ಮೇಲೆ ಅಡುಗೆಮನೆಯಲ್ಲಿ ಒಬ್ಬರೇ ಕೂತು ಒಂದಿಷ್ಟು ಮಜ್ಜಿಗೆ ಅನ್ನ ತಿನ್ನತೊಡಗಿದರು. ಮುದ್ದೆ ಬಿಟ್ಟೇಬಿಟ್ಟರು, ದಿನೇದಿನೇ ಸೊರಗಿದರು. ಮಾವನಿಂದ ಅದನ್ನು ನೋಡಲಾಗಲಿಲ್ಲ. ಆದರೆ ಅವರು ಹೇಳಿದ್ದು ಇಷ್ಟೇ: "ಮಿಷಿನ್ ತರ್ತೀನಿ."

ಪಾತ್ರೆ ತೊಳೆಯುವ ಮಿಷಿನ್ ಬಂತು. ಮೊದಲ ದಿನ ಮಾವ ಸಿಂಕಿನ ಪಕ್ಕದಲ್ಲಿದ್ದ ಲಿಕ್ವಿಡ್ ಸೋಪನ್ನೇ ಅದಕ್ಕೆ ಧಾರಾಳವಾಗಿ ಸುರಿದರು. ನೊರೆ ಬಾಗಿಲ ಸಂದಿಯಿಂದ ಉಕ್ಕಿ ಹಾಲ್‌ವರೆಗೆ ಬಂತು. ಪಂಚೆ ಎತ್ತಿಕೊಂಡು ನಿಂತು "ರಿಜೆಕ್ಟ್" ಎಂದರು. ಆಮೇಲೆ ಮಿಷಿನ್ನಿಗೆಂದೇ ಇರುವ ಪುಡಿಗಳು ಬಂದವು. ಪರೀಕ್ಷೆಗೆ ಇಟ್ಟದ್ದು ಮುದ್ದೆ ಉಂಡು ಒಣಗಿದ ತಟ್ಟೆ. ಮೊದಲನೆಯ ಪುಡಿ ರಾಗಿಯ ತಂಟೆಗೇ ಹೋಗಲಿಲ್ಲ. ಎರಡನೆಯದು ರಾಗಿ ತೆಗೆಯಿತು, ಆದರೆ ನಮ್ಮ ಬೋರ್‌ವೆಲ್‌ನ ಗಡಸು ನೀರಿಗೆ ತಟ್ಟೆಯ ಮೇಲೆಲ್ಲ ಬಿಳಿ ಕಲೆ. ಪ್ರತಿ ಸಲವೂ ಮಾವ ತೊಳೆದ ತಟ್ಟೆಯನ್ನು ನಾಲಿಗೆಗೆ ತಾಗಿಸಿ ನೋಡುತ್ತಿದ್ದರು.

"ಮಾವ, ಹೊಟ್ಟೆ ಕೆಡ್ತದೆ," ಎಂದೆ.

"ಕೆಟ್ರೆ ನಂದು ಕೆಡ್ಲಿ ಕಣೋ. ಸೋಪು ಉಳ್ಕೊಂಡು ಅವಳ ಕೈ ಉರೀಬಾರ್ದು."

ಗಡಸು ನೀರಾದರೆ ಮಿಷಿನ್ನಿಗೆ ಅದರದ್ದೇ ಉಪ್ಪನ್ನೂ ಹಾಕಬೇಕು ಎಂದು ಕೊನೆಗೆ ಯಾರೋ ಹೇಳಿಕೊಟ್ಟರು. ಮೂರನೆಯ ಪುಡಿ ಪಾಸಾಯಿತು. ಅತ್ತೆ ಬಾಗಿಲಲ್ಲಿ ನಿಂತು ನನಗೆ ಹೇಳಿದರು: "ಸಾರಿಗೆ ಉಪ್ಪು ಹಾಕೋಕೆ ಬರದೋರು ಮಿಷಿನ್ನಿಗೆ ಹಾಕ್ತಾವ್ರೆ ನೋಡು."

ಇನ್ನು ಸ್ಪೂನು. ನೆಲಮಂಗಲದ ಅಂಗಡಿಯಲ್ಲಿ ಮಾವ ಡಬ್ಬಿ ಬಿಚ್ಚಿ ಮುದ್ದೆಗೆ ಮೊದಲ ಸ್ಪೂನು ಒತ್ತಿದರು. ಸ್ಪೂನಿನ ಕತ್ತು ಬಾಗಿತು. ಎರಡನೆಯದೂ ಬಾಗಿತು. ಅಂಗಡಿಯವರು ಗಲ್ಲಾ ಬಿಟ್ಟು ಓಡಿ ಬಂದರು.

"ಯಜಮಾನ್ರೇ, ಅದು ಪಾಯಸಕ್ಕೆ ಮಾಡಿರೋದು."

"ನಮ್ಮನೇಲಿ ದಿನಾ ಮದುವೆ ನಡೀತದೇನಪ್ಪಾ?"

ಆರನೆಯದು ದಪ್ಪ ಕತ್ತಿನದು. ಮುದ್ದೆ ಕತ್ತರಿಸಿತು, ಬಾಗಲಿಲ್ಲ. ಮಾವ ಕಣ್ಣು ಮುಚ್ಚಿ ಅದರ ಹಿಡಿಯ ಮೇಲೆಲ್ಲ ಬೆರಳಾಡಿಸಿದರು. ಎಲ್ಲೂ ಚುಚ್ಚಲಿಲ್ಲ. "ಪಾಸ್. ಹನ್ನೆರಡು ಕೊಡಿ."

ಕೈ ಬಿರಿದದ್ದು ಅತ್ತೆಯೊಬ್ಬರಿಗೆ, ಹನ್ನೆರಡು ಯಾಕೆ? ಕೇಳಿದರೆ "ಸುಮ್ನೆ ಡಬ್ಬಿ ಹಿಡ್ಕೋ" ಎಂದರು. ಪಾತ್ರೆ ಕೊಂಡರೆ ಅದರ ಮೇಲೆ ಮನೆಯವರ ಹೆಸರು ಕೊರೆಸುವುದು ನಮ್ಮಲ್ಲಿ ವಾಡಿಕೆ. ಅಂಗಡಿಯವರು ಹೆಸರು ಕೊರೆಯುವ ಮಿಷಿನ್ ಹಿಡಿದು ಯಾವ ಹೆಸರು ಎಂದರು.

"ಬೇಡ. ಹೆಸರು ಹಾಕ್ಸಿದ್ರೆ ಅದು ಅವಳೊಬ್ಬಳ ಸ್ಪೂನು ಅಂತಾಗ್ತದೆ."

ಆ ಭಾನುವಾರ ನೆಂಟರು ಬಂದಿದ್ದರು. ಮುದ್ದೆ, ಅವರೆಕಾಳಿನ ಸಾರು. ಮಾವ ಎಲ್ಲರ ತಟ್ಟೆಯ ಪಕ್ಕದಲ್ಲೂ ಒಂದೊಂದು ಸ್ಪೂನಿಟ್ಟರು. ಯಾರೋ ನಕ್ಕರು. ಮಾವ ಯಾರ ಮುಖವನ್ನೂ ನೋಡದೆ ಕೂತು, ಹುಟ್ಟಿದಾಗಿನಿಂದ ಕೈಯಲ್ಲೇ ಉಂಡ ಮುದ್ದೆಯನ್ನು ಸ್ಪೂನಿನಲ್ಲಿ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರು. ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿ, ನೀರು ಕುಡಿದು, ಇನ್ನೊಂದು ತುತ್ತು ಮುರಿದರು. ನಾವೂ ಒಬ್ಬೊಬ್ಬರಾಗಿ ಸ್ಪೂನು ಹಿಡಿದೆವು.

"ಅಲ್ಯಾಕೆ ನಿಂತಿದೀಯ, ಬಾ," ಎಂದರು ಮಾವ ಅಡುಗೆಮನೆಯ ಕಡೆಗೆ ತಿರುಗಿ. "ಇನ್ಮೇಲೆ ಈ ಮನೇಲಿ ಎಲ್ರೂ ಹಿಂಗೇ ಉಣ್ಣೋದು."

ಅತ್ತೆ ಬಂದು ಮಾವನ ಪಕ್ಕದಲ್ಲಿ ಕೂತರು. ತಲೆ ತಗ್ಗಿಸಿ ನಿಧಾನವಾಗಿ ಒಂದು ಮುದ್ದೆ ಮುಗಿಸಿದರು. ಇನ್ನರ್ಧ ಹಾಕಿ ಎಂದು ತಟ್ಟೆ ಮುಂದೆ ಮಾಡಿದಾಗ ನಾನು ಬಡಿಸಲು ಎದ್ದೆ. ಮಾವ ನನ್ನ ತೋಳು ಹಿಡಿದು ಕೂರಿಸಿ, ತಾವೇ ಎದ್ದು ಹೋಗಿ ಬಡಿಸಿದರು.