ಬಿರುಕಣ್ಣನ ಕಂಬ

ಸಂಶೋಧನಾಲಯದ ವ್ಯಾನು ಅತಿಥಿಗಳನ್ನು ಕರೆತರಲು ಹೋಗಿತ್ತು. ಹಾಗಾಗಿ ಬಿರುಕಣ್ಣ ಕಬ್ಬಿಣದ ಕಂಬವನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಬೇಕಾಯಿತು.

ಲೋಹಕ್ಕೂ ದಣಿವಾಗುತ್ತದೆ, ದಣಿದು ದಣಿದು ಒಂದು ದಿನ ಬಿರುಕು ಬಿಡುತ್ತದೆ ಎಂಬುದು ಅವನ ಸಂಶೋಧನೆ. ಬಿರುಕಣ್ಣ ಎಂಬುದು ಸಹೋದ್ಯೋಗಿಗಳು ಮಾಡಿದ ನಾಮಕರಣ. ಬಸ್ಸಿನಲ್ಲಿ ನಿಂತವರು ಹಿಡಿದುಕೊಳ್ಳುವ ಕಂಬಗಳನ್ನು ಎರಡು ವರ್ಷ ಭೂತಗನ್ನಡಿ ಹಿಡಿದು ನೋಡಿದ ಮೇಲೆ, ಗುಜರಿಗೆ ಬಿದ್ದ ಬಸ್ಸೊಂದರ ಈ ಕಂಬದಲ್ಲಿ ಅವನಿಗೆ ಬಿರುಕು ಸಿಕ್ಕಿತ್ತು. ಕೂದಲೆಳೆಯಷ್ಟು! ಮೂರು ಗಂಟೆಗೆ ನಗರ ಸಾರಿಗೆ ಯೋಜನೆಯವರು ಅದನ್ನೇ ನೋಡಲು ಸಂಶೋಧನಾಲಯಕ್ಕೆ ಬರುವವರಿದ್ದರು. ಅವರು ಒಪ್ಪಿದರೆ ಊರಿನ ಎಲ್ಲ ಬಸ್ಸುಗಳ ಕಂಬಗಳೂ ಬದಲಾಗುತ್ತಿದ್ದವು.

ಬಸ್ಸಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಕಂಬವನ್ನು ನೆಟ್ಟಗೆ ನಿಲ್ಲಿಸಿ, ಎಳೆಮಗುವಿನಂತೆ ತಬ್ಬಿಕೊಂಡ. ಮೊದಲ ತಿರುವಿನಲ್ಲೇ ಐದಾರು ಕೈಗಳು ಅದಕ್ಕೆ ಜೋತುಬಿದ್ದವು.

"ಅಯ್ಯೋ, ಇದನ್ನ ಹಿಡ್ಕೋಬೇಡ್ರೀ!"

"ಮತ್ತೇನು, ನಿಮ್ಮ ಮೂಗು ಹಿಡ್ಕೊಳ್ಳೋದಾ?" ಎಂದಳು ತರಕಾರಿ ಚೀಲದ ಹೆಂಗಸು.

ಅಷ್ಟರಲ್ಲಿ ಮಂಡಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿಯೊಬ್ಬಳು ಹತ್ತಿದಳು. ಸೀಟು ಬಿಟ್ಟುಕೊಡಬೇಕಾದ ಪುಣ್ಯಾತ್ಮರೆಲ್ಲ ಒಮ್ಮೆಗೇ ಕಿಟಕಿಯಾಚೆ ನೋಡತೊಡಗಿದರು. ಅಜ್ಜಿ ಎರಡೂ ಕೈಯಲ್ಲಿ ಕಂಬ ಹಿಡಿದು, ಅದಕ್ಕೇ ಕೆನ್ನೆ ಆನಿಸಿ, ನಿಂತಲ್ಲೇ ತೂಕಡಿಸಿದಳು.

ಬಿರುಕಣ್ಣನ ಸ್ಟಾಪು ಬಂತು. ಕಂಬವನ್ನು ಮೆಲ್ಲನೆ ಎಳೆದ. ಅಜ್ಜಿ ಕಣ್ಣು ಬಿಡದೆಯೇ, "ಸ್ವಲ್ಪ ತಾಳಪ್ಪಾ..." ಎಂದಳು. ದಣಿವು ಅಳೆಯಲು ಅವನ ಬಳಿ ನಾಲ್ಕು ಯಂತ್ರಗಳಿದ್ದವು. ಇದಕ್ಕೆ ಒಂದೂ ಬೇಕಾಗಲಿಲ್ಲ. ಕಾಲನ್ನು ಒತ್ತಿ ಊರಿ, ಕಂಬ ಅಲುಗದಂತೆ ಹಿಡಿದು, ಕೊನೆಯ ನಿಲ್ದಾಣದವರೆಗೂ ಹೋದ.

ಅಲ್ಲಿ ಇಳಿಯುವಾಗ ಕಂಡಕ್ಟರು ಅಡ್ಡ ಬಂದ. "ಏನ್ ಸಾರ್, ಹಾಡಹಗಲೇ ಬಸ್ಸಿನ ಕಂಬ ಕಿತ್ಕೊಂಡು ಹೊರಟ್ರಿ?"

"ಇದು ನಂದು! ಬೇಕಾದ್ರೆ ಅಜ್ಜೀನ ಕೇಳಿ."

ಅಜ್ಜಿ ಅವನ ತಲೆ ಸವರಿದಳು. "ಪಾಪ, ಚಿನ್ನದಂಥ ಹುಡುಗ, ಬಿಟ್ಬಿಡು. ಆದ್ರೆ ಕಂಬ ಬಸ್ಸಿಂದೇ ಕಣಪ್ಪಾ. ನಾನು ದಾರಿಯುದ್ದಕ್ಕೂ ಹಿಡ್ಕೊಂಡೇ ಬಂದಿದೀನಿ!"

ಕಂಬ ಪಕ್ಕದ ಬಸ್ ಡಿಪೋದ ಒಳಗೆ ಹೋಯಿತು, ಬಿರುಕಣ್ಣ ಅಲ್ಲಿನ ಮ್ಯಾನೇಜರರ ಎದುರು ಕೂತ. ಸಂಶೋಧನಾಲಯಕ್ಕೆ ಮೂರು ಸಲ ಫೋನು ಮಾಡಿದ ಮೇಲೆ ಮುಖ್ಯಸ್ಥರು ಸಿಕ್ಕಿದರು, ಕಂಬ ನಮ್ಮದೇ ಎಂದರು. ಗಂಟೆ ಎರಡೂವರೆ. ಮ್ಯಾನೇಜರರು ಕೈಮುಗಿದು, ಟೀ ತರಿಸಿ, ತಮ್ಮ ಜೀಪಿನಲ್ಲೇ ಕಳಿಸುತ್ತೇನೆಂದರು. ಬಿರುಕಣ್ಣನಿಗೆ ಹೋದ ಜೀವ ಬಂದಂತಾಯಿತು.

ಮುದುಕ ಮೆಕ್ಯಾನಿಕ್ಕು ಕಂಬ ಹೊತ್ತು ತಂದ. ಕಂಬ ಥಳಥಳ ಹೊಳೆಯುತ್ತಿತ್ತು.

"ತಪ್ಪು ನಮ್ಮದು ಸಾರ್, ನಿಮ್ಮನ್ನ ಕಾಯಿಸಿಬಿಟ್ವಿ. ಸುಮ್ನೆ ಕೂತಿರೋದ್ಯಾಕೆ ಅಂತ ನೋಡ್ದೆ, ಸಣ್ಣದೊಂದು ಬಿರುಕಿತ್ತು. ವೆಲ್ಡಿಂಗ್ ಮಾಡಿ, ಉಜ್ಜಿ, ಪಾಲಿಶ್ ಹೊಡ್ದಿದೀನಿ. ಈಗ ಭೂತಗನ್ನಡಿ ಹಾಕಿ ಹುಡುಕಿದ್ರೂ ಸಿಗಲ್ಲ!"

ಮುದುಕನ ಮುಖದಲ್ಲಿ ಮಗಳ ಮದುವೆ ಮುಗಿಸಿದ ಅಪ್ಪನ ಸಂತೋಷವಿತ್ತು.

"ಬಹಳ ಉಪಕಾರವಾಯ್ತು," ಎಂದ ಬಿರುಕಣ್ಣ. ಆಮೇಲೆ ಅಜ್ಜಿಯ ಹಾಗೆ ಆ ಕಂಬಕ್ಕೇ ಒರಗಿ ನಿಂತ.