ಮಾಹಿತಿದಾರ ಸಂಖ್ಯೆ ಏಳರ ಅರ್ಧಭಾಗದ ಅಹವಾಲು

ಸಾಂಸ್ಕೃತಿಕ ಮಾನವಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮಗೂ, ತಮ್ಮ ವಿಭಾಗದ ಸಮಸ್ತ ಪ್ರಾಧ್ಯಾಪಕರಿಗೂ, ಎರಡನೇ ಮಹಡಿಯ ಕಿಟಕಿಯ ಹಿಂದೆ ಕುಳಿತು ಬಂದವರಿಗೆಲ್ಲ "ಇವತ್ತು ಆಗಲ್ಲ" ಎನ್ನುವ ಗುಮಾಸ್ತರಿಗೂ ಚೀಲ ರಿಪೇರಿಯವನಾದ ನನ್ನ ಅನಂತ ನಮಸ್ಕಾರಗಳು. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ನನ್ನ ಓದು ಕಂತುಗಳಲ್ಲಿ ನಡೆದದ್ದು: ಆರನೇ ತರಗತಿಯವರೆಗೆ ಒಂದು ಸಲ, ಎರಡು ವರ್ಷ ಬಿಟ್ಟು ಎಂಟರವರೆಗೆ ಇನ್ನೊಂದು ಸಲ, ಮದುವೆಯಾದ ಮೇಲೆ ಹತ್ತನೆಯದನ್ನು ಮನೆಯಲ್ಲೇ ಕೂತು ಬರೆಯಲು ಹೋಗಿ ಗಣಿತದ ಹತ್ತಿರ ನಿಂತದ್ದು. ಈ ಪತ್ರವನ್ನೂ ನಾಲ್ಕು ಸಲ ಬರೆದು ಮೂರು ಸಲ ಹರಿದಿದ್ದೇನೆ. ಬಹಿರಂಗವಾಗಿ ಯಾಕೆ ಬರೆದೆ ಎಂದು ತಾವು ಬೇಸರಿಸಬಾರದು. ನನ್ನ ಸಂಸಾರದ ಗುಟ್ಟೆಲ್ಲ ತಮ್ಮ ಕೃಪೆಯಿಂದ ಬೀದಿಗೆ ಬಂದಿರುವಾಗ ಪತ್ರವೊಂದನ್ನು ಲಕೋಟೆಗೆ ಹಾಕಿ ಅಂಟಿಸಿ ಯಾವ ಮಾನ ಉಳಿಸಿಕೊಳ್ಳಲಿ?

ಕಳೆದ ವರ್ಷ ತಮ್ಮ ಎಂ.ಎ. ವಿದ್ಯಾರ್ಥಿನಿಯೊಬ್ಬರು ನಮ್ಮ ರಿಪೇರಿ ಬೀದಿಯ ಜನಜೀವನವನ್ನು ಅಧ್ಯಯನ ಮಾಡಲು ಬಂದರು. ಮೊದಲ ವಾರ ನಾನು ಅವರನ್ನು ಪಾಲಿಕೆಯವರೆಂದು ತಿಳಿದು ಅಂಗಡಿಯ ಹಲಗೆಯನ್ನು ಅರ್ಧ ಅಡಿ ಒಳಗೆಳೆದುಕೊಂಡೆ. ಎರಡನೇ ವಾರ ತೆರಿಗೆಯವರಿರಬಹುದೆಂಬ ಗುಮಾನಿಯಲ್ಲಿ ಬಂದ ಗಿರಾಕಿಗಳನ್ನೆಲ್ಲ "ನಮ್ಮ ನೆಂಟರು" ಎಂದು ಪರಿಚಯಿಸಿದೆ. ಮೂರನೇ ವಾರ ಅವರೇ ಒಂದು ಸ್ಟೂಲು ತಂದು ಪಕ್ಕದಲ್ಲಿ ಹಾಕಿಕೊಂಡು, "ನಾನು ಸುಮ್ನೆ ನಿಮ್ಮ ಜೊತೆ ಇರ್ತೀನಿ ಅಂಕಲ್, ನಾನು ಇಲ್ಲೇ ಇಲ್ಲ ಅಂದ್ಕೊಳ್ಳಿ" ಎಂದರು. ಮೊಣಕೈಗೆ ಮೊಣಕೈ ತಾಗುವಂತೆ ಕೂತವರನ್ನು ಇಲ್ಲ ಎಂದುಕೊಳ್ಳಲು ನಾನು ಏಳು ತಿಂಗಳು ಪ್ರಯತ್ನಪಟ್ಟೆ. ನಾನು ಸೀನಿದರೆ ಬರೆದುಕೊಳ್ಳುತ್ತಿದ್ದರು, ಸೀನು ಬಂದು ನಿಂತುಹೋದರೆ ಇನ್ನೂ ಹೆಚ್ಚು ಬರೆದುಕೊಳ್ಳುತ್ತಿದ್ದರು. ಬೀದಿಯವರು ಅವರಿಗೆ ನೋಟ್‌ಬುಕ್ಕಮ್ಮ ಎಂದೇ ಹೆಸರಿಟ್ಟರು. ನಮ್ಮಂತೆಯೇ ಬದುಕಿ ನೋಡಬೇಕೆಂದು ಜಿಪ್ ಹೊಲಿಯುವುದನ್ನೂ ಕಲಿತರು. ಅವರು ಹೊಲಿದ ಜಿಪ್ಪನ್ನೆಲ್ಲ ಅವರು ಎದ್ದುಹೋದ ಮೇಲೆ ನಾನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಈ ವಿಷಯ ಪ್ರಬಂಧದಲ್ಲಿ ಬಿಟ್ಟುಹೋಗಿದೆ, ಸೇರಿಸಿಕೊಳ್ಳಬಹುದು.

ಮಧ್ಯಾಹ್ನವಾದ ಮೇಲೆ ಅವರು ಸ್ಟೂಲು ಎತ್ತಿಕೊಂಡು ಎದುರು ಅಂಗಡಿಗೆ ಹೋಗುತ್ತಿದ್ದರು. ಎದುರು ಅಂಗಡಿ ನನ್ನ ಭಾವನದು, ಅಂದರೆ ನಮ್ಮಕ್ಕನ ಗಂಡನದು. ಅದೂ ಚೀಲ ರಿಪೇರಿಯೇ. ಮೊದಲು ಇಬ್ಬರೂ ಒಂದೇ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದವರು. ಹನ್ನೊಂದು ವರ್ಷದ ಹಿಂದೆ ಅವರು ಐದಾರು ಗಿರಾಕಿಗಳ ಎದುರಿಗೆ, "ಇವನು ಹೊಲಿದ ಹಿಡಿಕೆ ಬಸ್‌ಸ್ಟ್ಯಾಂಡ್ ದಾಟಲ್ಲ" ಎಂದರು. ಆವತ್ತೇ ನಾನು ಸೂಜಿ ದಾರ ಎತ್ತಿಕೊಂಡು ರಸ್ತೆ ದಾಟಿದೆ. ಅಲ್ಲಿಂದ ಇಲ್ಲಿಯವರೆಗೆ ಮಾತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬರೆದದ್ದನ್ನು ಜನರಿಗೇ ಓದಿ ತೋರಿಸುವುದು ತಮ್ಮ ವಿಭಾಗದ ಉದಾತ್ತ ಪದ್ಧತಿಯಂತೆ. ಕಳೆದ ಭಾನುವಾರ ಬೆಳಿಗ್ಗೆ ಟೀ ಅಂಗಡಿಯ ದೊಡ್ಡಮ್ಮನ ಬೆಂಚುಗಳ ಮೇಲೆ ಇಡೀ ಬೀದಿಯನ್ನು ಕೂರಿಸಿ ನೋಟ್‌ಬುಕ್ಕಮ್ಮ ಕರಡನ್ನು ಓದಿದರು. ಅದರಲ್ಲಿ ನಮಗೆಲ್ಲ ಹೆಸರಿನ ಬದಲು ಸಂಖ್ಯೆ; ಮಾಹಿತಿದಾರ ಸಂಖ್ಯೆ ಏಳು ಎಂಬ ಮಹಾಶಯರು ಪುಟ ಹದಿನೆಂಟರಲ್ಲಿ ಬೋಳುತಲೆಯನ್ನು ವಸ್ತ್ರದಿಂದ ಒರೆಸಿಕೊಂಡು ಪುಟ ಇಪ್ಪತ್ತರಲ್ಲಿ ಅದೇ ತಲೆಯನ್ನು ಬಾಚಿಕೊಳ್ಳುತ್ತಾರೆ. ಬೆಳಿಗ್ಗೆಯೆಲ್ಲ ತುಟಿಪಿಟಕ್ಕೆನ್ನದೆ ಹೊಲಿಯುವವರು ಮಧ್ಯಾಹ್ನ ಬೀದಿಗೆ ಕೇಳುವಂತೆ ಹಾಡುತ್ತಾ ಗಿರಾಕಿಗಳನ್ನು ಬೈಯುತ್ತಾರೆ. ಹನ್ನೆರಡೂವರೆಗೆ ಒಂದು ಊಟ, ಒಂದೂವರೆಗೆ ಇನ್ನೊಂದು. ದಿನವಿಡೀ ಎದುರು ಅಂಗಡಿಯನ್ನು ದುರುಗುಟ್ಟಿ ನೋಡುತ್ತಾರೆ, ಆದರೆ ಆ ಎದುರು ಅಂಗಡಿಯಲ್ಲಿ ಯಾರಿದ್ದಾರೆಂದು ಇಡೀ ಪ್ರಬಂಧದಲ್ಲಿ ಎಲ್ಲೂ ಇಲ್ಲ, ಯಾಕೆಂದರೆ ಅಲ್ಲಿರುವವರೂ ಇವರೇ.

"ಗುರುತು ಸಿಗಬಾರದು ಅಂತ ಇಬ್ಬರನ್ನ ಸೇರಿಸಿ ಒಬ್ಬರನ್ನಾಗಿ ಮಾಡಿದೀನಿ ಅಂಕಲ್, ಹಾಗೆ ಮಾಡಬಹುದು ಅಂತ ನಮ್ ಪಠ್ಯಪುಸ್ತಕದಲ್ಲೇ ಇದೆ" ಎಂದರು ನೋಟ್‌ಬುಕ್ಕಮ್ಮ. ಹನ್ನೊಂದು ವರ್ಷ ಊರಿನ ಹಿರಿಯರು, ಇಬ್ಬರು ಚಿಕ್ಕಪ್ಪಂದಿರು, ಒಬ್ಬ ವಕೀಲರು ಕೂಡಿ ಆಗದ ಕೆಲಸವನ್ನು ತಮ್ಮ ವಿಭಾಗ ಒಂದೇ ಪ್ರಬಂಧದಲ್ಲಿ ಮಾಡಿ ಮುಗಿಸಿದ್ದಕ್ಕೆ ಅಭಿನಂದನೆಗಳು. ಅಂಚಿನಲ್ಲಿ ತಾವು ಕೆಂಪು ಶಾಯಿಯಲ್ಲಿ "ಈ ಮನುಷ್ಯನೊಳಗೆ ಇಬ್ಬರು ವಾಸಿಸುತ್ತಿರುವಂತಿದೆ, ಅದ್ಭುತ ಒಳನೋಟ" ಎಂದು ಬರೆದಿದ್ದನ್ನೂ ಓದಿ ಹೇಳಿದರು. ತಮ್ಮ ದಿವ್ಯದೃಷ್ಟಿಗೆ ಇನ್ನೊಂದು ನಮಸ್ಕಾರ. ಟೀ ಅಂಗಡಿಯ ದೊಡ್ಡಮ್ಮ ನಮ್ಮಿಬ್ಬರನ್ನೂ ನೋಡಿ, "ಏನ್ರಪ್ಪಾ, ಇನ್ಮೇಲೆ ಇಬ್ಬರಿಗೂ ಸೇರಿ ಒಂದೇ ಟೀ ಸಾಕಾ?" ಎಂದರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಅಕ್ಕ ನಗಬಾರದಿತ್ತು, ಯಾಕೆಂದರೆ ಮುಂದಿನದು ಅವಳ ಸರದಿ. ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಇರುವುದರಿಂದ ಮಧ್ಯಾಹ್ನದ ಡಬ್ಬಿಯನ್ನು ಅಕ್ಕನೇ ಇಬ್ಬರಿಗೂ ತರುತ್ತಾಳೆ. ಹಾಗಾಗಿ ಸಂಖ್ಯೆ ಏಳಕ್ಕೆ ಪುಟ ಇಪ್ಪತ್ತೆರಡರಲ್ಲಿ ಅಕ್ಕ ಊಟ ತರುತ್ತಾಳೆ, ಪುಟ ಇಪ್ಪತ್ತನಾಲ್ಕರಲ್ಲಿ ಅದೇ ಹೆಂಗಸು ಹೆಂಡತಿಯಾಗಿ ತರುತ್ತಾಳೆ. ಅಲ್ಲಿ ತಮ್ಮ ಕೆಂಪು ಶಾಯಿ, "ಅಕ್ಕ ಮತ್ತು ಹೆಂಡತಿ ಒಬ್ಬರೇ? ಅತ್ಯಂತ ಅಪರೂಪದ ಬಂಧುತ್ವ ಪದ್ಧತಿ. ಪ್ರತ್ಯೇಕ ಅಧ್ಯಾಯವಾಗಿ ವಿಸ್ತರಿಸಿ" ಎನ್ನುತ್ತದೆ. ಮಾನ್ಯರೇ, ಕಾಲಿಗೆ ಬೀಳುತ್ತೇನೆ, ವಿಸ್ತರಿಸಬೇಡಿ. ನಮ್ಮದು ತಲೆತಲಾಂತರದಿಂದ ಅಕ್ಕಂದಿರನ್ನು ಬೇರೆ ಮನೆಗೆ ಕೊಟ್ಟೇ ಬಂದಿರುವ ವಂಶ. ಶನಿವಾರ ಇದಕ್ಕೆ ರಟ್ಟು ಹಾಕಿಸಿ ಗ್ರಂಥಾಲಯದಲ್ಲಿ ಇಡುತ್ತಾರಂತೆ. ನಾಳೆ ನನ್ನ ಮಗಳಿಗೆ ಗಂಡು ನೋಡುವ ಕಾಲಕ್ಕೆ ಯಾರಾದರೂ ಓದಿಕೊಂಡವರು ಪುಟ ಇಪ್ಪತ್ತನಾಲ್ಕನ್ನು ತೆಗೆದರೆ ನಾನೇನು ಹೇಳಲಿ? ಮಗಳಿಗಿನ್ನೂ ಒಂಬತ್ತು ವರ್ಷ, ಆದರೂ ಚಿಂತೆ ಚಿಂತೆಯೇ. ಹೆಂಡತಿ ಬೇರೆ, "ಹಾಗಾದ್ರೆ ಆ ಪುಸ್ತಕದಲ್ಲಿ ನಾನ್ಯಾರು?" ಎಂದು ಕೇಳುತ್ತಿದ್ದಾಳೆ. ಬೀದಿಯವರಿಗೆಂದು ಬಿಟ್ಟುಹೋದ ಕರಡಿನ ಪ್ರತಿಯಲ್ಲಿ ನೂರಾ ನಲವತ್ತು ಪುಟ ಹುಡುಕಿದೆ, ಅವಳಿಲ್ಲ.

ಸೋಮವಾರವೇ ಅಂಗಡಿ ಮುಚ್ಚಿ ತಮ್ಮ ಕಚೇರಿಗೆ ಓಡಿದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಆಕ್ಷೇಪಣೆ ಕೊಡೋ ಹಕ್ಕಿರೋದು ಮಾಹಿತಿದಾರರಿಗೆ ಮಾತ್ರ. ನೀವು ಏಳನೇ ನಂಬರಾ?" ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲ, "ಅರ್ಧ ಸಾರ್" ಎಂದೆ. "ಅರ್ಧಕ್ಕೆಲ್ಲ ಅರ್ಜಿ ಇಲ್ಲ, ಪೂರ್ತಿ ಆಗಿ ಬನ್ನಿ" ಎಂದು ಒಂದು ನಮೂನೆ ಕೊಟ್ಟರು. ಅದರಲ್ಲಿ ಸಹಿಗೆ ಒಂದೇ ಗೆರೆ.

ಇಷ್ಟೇ ಆಗಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ನಿದ್ದೆ ಕೆಡಿಸಿರುವುದು ಪುಟ ಅರವತ್ತೊಂದು. ಅಲ್ಲಿ ಸಂಖ್ಯೆ ಏಳು ಹೇಳುತ್ತಾರೆ: "ಆವತ್ತು ಗಿರಾಕಿಗಳ ಮುಂದೆ ಹಂಗೆ ಅನ್ನಬಾರದಿತ್ತು. ಅವನ ಹೊಲಿಗೆ ನನ್ನದಕ್ಕಿಂತ ಚೆನ್ನಾಗಿರ್ತಿತ್ತು, ಅದನ್ನ ತಡ್ಕೊಳ್ಳೋಕಾಗದೆ ಅಂದೆ. ಈಗ ಹೋಗಿ ಹೇಳೋಣ ಅಂದ್ರೆ ಬಾಯಿ ಬರಲ್ಲ." ಇದನ್ನು ಓದಿದಾಗ ಬೆಂಚುಗಳ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು, ಅಳುಮೋರೆ ನನ್ನದಲ್ಲವೇ, ಪಶ್ಚಾತ್ತಾಪವೂ ನನ್ನದೇ ಎಂದುಕೊಂಡರು. ನಾನು ಆ ಮಾತು ಹೇಳಿಲ್ಲ, ಮಾನ್ಯರೇ. ನಾನಲ್ಲವೆಂದ ಮೇಲೆ ಸಂಖ್ಯೆ ಏಳರಲ್ಲಿ ಉಳಿಯುವುದು ಒಬ್ಬರೇ. ಅವರು ಖಾಲಿ ಲೋಟದೊಳಗೆ ಇಣುಕುತ್ತಾ ಕೂತಿದ್ದರು. ಹನ್ನೊಂದು ವರ್ಷದಿಂದ ನನಗೆ ಬರಬೇಕಾಗಿದ್ದ ಕ್ಷಮೆಯನ್ನು ತಮ್ಮ ವಿಭಾಗವು ನನ್ನ ಬಾಯಿಂದಲೇ ನನಗೆ ಕೇಳಿಸಿದೆ. ಅದನ್ನು ಸ್ವೀಕರಿಸಲೋ, ನಾನೇ ಕೊಟ್ಟೆನೆಂದು ತಿಳಿಯಲೋ ಗೊತ್ತಾಗದೆ ಮೂರು ದಿನದಿಂದ ಅಡ್ಡಾದಿಡ್ಡಿ ಹೊಲಿಯುತ್ತಿದ್ದೇನೆ.

ಕೊನೆಗೆ ನಮೂನೆಯನ್ನು ಡಬ್ಬಿಯ ಅಡಿಯಲ್ಲಿಟ್ಟು ಅಕ್ಕನ ಕೈಯಲ್ಲಿ ಎದುರು ಅಂಗಡಿಗೆ ಕಳಿಸಿದೆ. ಮರುದಿನ ವಾಪಸ್ಸು ಬಂತು. ಭಾವನ ಸಹಿ ಮಾಮೂಲಾಗಿ ಕಾಗದದ ಈ ಅಂಚಿನಿಂದ ಆ ಅಂಚಿಗೆ ಹೋಗಿ ಮೇಜಿನ ಮೇಲೂ ಒಂಚೂರು ಇಳಿಯುವಂಥದ್ದು. ಈ ಸಲ ಅದನ್ನು ಕುಗ್ಗಿಸಿ ಕುಗ್ಗಿಸಿ ಗೆರೆಯ ಎಡಗಡೆಗೆ ಒತ್ತಿ, ಬಲಗಡೆ ಅರ್ಧ ಖಾಲಿ ಬಿಟ್ಟಿದ್ದಾರೆ. "ಏನಾದ್ರೂ ಅಂದ್ರಾ?" ಎಂದು ಅಕ್ಕನನ್ನು ಕೇಳಿದೆ. "ಅನ್ನೋದೇನು, ಅವನ ಅಕ್ಷರ ದೊಡ್ಡದು, ಅಷ್ಟು ಜಾಗ ಸಾಕಾಗುತ್ತಾ ಕೇಳು ಅಂದ್ರು" ಎಂದಳು.

ಸಾಕಾಯಿತು. ಎರಡೂ ಸಹಿ ಇರುವ ನಮೂನೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಶನಿವಾರದೊಳಗೆ ಭಾವನನ್ನು ಏಳು-ಅ, ನನ್ನನ್ನು ಏಳು-ಆ ಎಂದು ಬಿಡಿಸಿ, ಕೂದಲನ್ನು ನನಗೂ ಹಾಡನ್ನು ಅವರಿಗೂ ಕೊಟ್ಟು, ಅಕ್ಕನನ್ನು ಒಬ್ಬರಿಗೆ ಹೆಂಡತಿಯಾಗಿಯೂ ಇನ್ನೊಬ್ಬರಿಗೆ ಅಕ್ಕನಾಗಿಯೂ ಖಾಯಂ ಮಾಡಿ, ನನ್ನ ಹೆಂಡತಿಗೆ ಎಲ್ಲಾದರೂ ಒಂದು ಸಾಲು ಜಾಗ ಮಾಡಿಕೊಡಬೇಕಾಗಿ ಪ್ರಾರ್ಥನೆ. ಪುಟ ಅರವತ್ತೊಂದರ ಮಾತನ್ನು ಏಳು-ಅ ಅವರ ಹೆಸರಿಗೇ ಬರೆದು, ಅದರ ಕೆಳಗೆ "ಏಳು-ಆ ಇದನ್ನು ಕೇಳಿಸಿಕೊಂಡರು" ಎಂದು ಸೇರಿಸಬೇಕು. ಏನು ಉತ್ತರ ಕೊಟ್ಟರೆಂದು ಮಾತ್ರ ಬರೆಯಬಾರದು, ಅದಿನ್ನೂ ಯೋಚನೆಯಲ್ಲಿದೆ.

ಪೂರ್ತಿಯಲ್ಲದಿದ್ದರೂ ಅರ್ಧದಷ್ಟಾದರೂ
ತಮ್ಮ ವಿಶ್ವಾಸಿ,
ಮಾಹಿತಿದಾರ ಸಂಖ್ಯೆ ಏಳು, ಬಲಭಾಗ

ತಾ.ಕ.: ತಾವು ನೋಟ್‌ಬುಕ್ಕಮ್ಮನ ಕೈಯಲ್ಲಿ ಹಿಡಿಕೆ ಹಾಕಲು ಕಳಿಸಿದ್ದ ಕಂದು ಚೀಲವೂ, ತಮ್ಮ ಪಕ್ಕದ ಕೋಣೆಯ ಪ್ರಾಧ್ಯಾಪಕರು ಜಿಪ್ ಹಾಕಲು ಕೊಟ್ಟಿದ್ದ ಕಪ್ಪು ಚೀಲವೂ ಸಿದ್ಧವಾಗಿವೆ. ಮಾಲೀಕರ ಗುರುತು ಯಾರಿಗೂ ಸಿಗಬಾರದೆಂಬ ಕಾಳಜಿಯಿಂದ ಎರಡನ್ನೂ ಸೇರಿಸಿ ಒಂದೇ ಚೀಲವಾಗಿ ಹೊಲಿದಿದ್ದೇನೆ. ತಾವಿಬ್ಬರೂ ಆರು ವರ್ಷದಿಂದ ಜವಾನರ ಮೂಲಕವೇ ಮಾತಾಡಿಕೊಳ್ಳುತ್ತೀರೆಂದು ಕೇಳಿ ಸಂಕಟವಾಯಿತು. ಚೀಲ ಭಾರವಾಗಿದೆ; ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದುಕೊಂಡರೆ ಮಾತ್ರ ಎರಡನೇ ಮಹಡಿ ಹತ್ತುತ್ತದೆ.