ಹಲಸೂರಿನ ಕಂಬ ಕಿತ್ತ ಪ್ರಸಂಗ

ಮೇ ಹದಿನಾಲ್ಕು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನಕ್ಕೆ ಕೆ.ಆರ್. ಪುರದ ಕಡೆ ಮೋಡ.

ವಿದ್ಯುತ್ ಕಂಬಗಳ ತಪಾಸಣೆ ನನ್ನ ಕೆಲಸ. ಕಂಬ ಮಾತಾಡುವುದಿಲ್ಲ ಎಂದೇ ಈ ಕೆಲಸ ಒಪ್ಪಿಕೊಂಡಿದ್ದೆ. ಕಂಬದ ಸುತ್ತಲಿನವರ ವಿಚಾರ ಯಾರೂ ಹೇಳಿರಲಿಲ್ಲ. ಅವರ ಜೊತೆ ಜಟಾಪಟಿ ಆಗಾಗ ನಡೆಯುತ್ತಲೇ ಇರುತ್ತದೆ. ಆ ದಿನ ಎಲ್ಲವೂ ಒಂದೇ ಕಂಬದ ಬಳಿ ನಡೆದವು.

ಹಲಸೂರಿನ ಗಲ್ಲಿಯಲ್ಲಿ ಹಳೆಯ ಕಬ್ಬಿಣದ ಕಂಬ. ಬುಡ ತುಕ್ಕು ತಿಂದು, ಇಸ್ತ್ರಿ ಅಂಗಡಿಯ ಕಡೆ ವಾಲಿತ್ತು. ಪಕ್ಕದಲ್ಲಿ ಹೊಸ ಕಂಬ ನೆಟ್ಟು ಲೈನ್ ಬದಲಾಯಿಸಿಯಾಗಿತ್ತು. ಮಳೆಗೆ ಮುಂಚೆ ಹಳೆಯದನ್ನು ಕೀಳದಿದ್ದರೆ ಅದು ಅಂಗಡಿಯವರ ತಲೆ ಮೇಲೆ ಬೀಳುವುದು ಖಂಡಿತ. ಕೀಳುವ ಮೊದಲು ಕಂಬದ ಮೇಲೆ ಯಾರದೂ ಏನೂ ಇರಬಾರದು ಎಂಬುದು ನಿಯಮ.

೧. ಹಗ್ಗ

ಇಸ್ತ್ರಿ ಅಂಗಡಿಯ ಅಮ್ಮ ಇದ್ದಿಲಿಗೆ ಗಾಳಿ ಹಾಕುತ್ತಿದ್ದರು.

“ಹೊರಗೆ ಬನ್ನಿ ಅಮ್ಮ, ಕಂಬ ಬೀಳುತ್ತೆ.”

“ಬೀಳಲ್ಲ ಸಾರ್. ಗಟ್ಟಿಯಾಗಿ ಕಟ್ಟಿದೀನಲ್ಲ.”

ಬಟ್ಟೆ ಒಣಗಿಸುವ ಹಗ್ಗ. ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಅವರದೇ ಅಂಗಡಿಗೆ.

“ಹಿಂಗೆ ಕಟ್ಟಿದರೆ ನಿಮ್ಮ ಮೇಲೇ ಬೀಳುತ್ತಲ್ಲಮ್ಮ!”

“ಮತ್ತೆ? ಆ ಕಡೆ ಬಿದ್ರೆ ಎದುರುಮನೆಯವಳು ಸುಮ್ನೆ ಬಿಡ್ತಾಳಾ ಸಾರ್? ಮೊದಲೇ ಜಗಳಗಂಟಿ!”

೨. ವೈರು

ಮೇಲೆ ಕೇಬಲ್, ಇಂಟರ್ನೆಟ್ ವೈರುಗಳು ಹಕ್ಕಿ ಗೂಡಿನಂತೆ ಸುತ್ತಿಕೊಂಡಿದ್ದವು. ನೋಟಿಸ್ ಅಂಟಿಸಿದರೂ ಯಾರೂ ಬಂದಿರಲಿಲ್ಲ.

“ನೋಟಿಸಿಗೆ ಓನರ್ ಬರಲ್ಲ ಸಾರ್, ಕಟಿಂಗ್ ಪ್ಲೇಯರ್‌ಗೆ ಬರ್ತಾರೆ,” ಎಂದು ನಮ್ಮ ಲೈನ್‌ಮ್ಯಾನ್ ಏಣಿ ಹತ್ತಿ ಒಂದನ್ನು ಕತ್ತರಿಸಿದ.

ಲುಂಗಿಯಲ್ಲಿ ಒಬ್ಬ ಹಿರಿಯರು ಓಡಿ ಬಂದರು. “ರೀ, ಮ್ಯಾಚ್ ನಡೀತಿದೆ!”

ಗುರುತು ಸಿಕ್ಕಿತು. “ವೈರ್ ತೆಗೀರಿ ಅಂತ ದೂರು ಕೊಟ್ಟಿದ್ದು ನೀವೇ ಅಲ್ವಾ ಸಾರ್?”

“ಹೌದ್ರೀ, ಬೇರೆಯವರದು! ಅದರಲ್ಲಿ ನಂದ್ಯಾವುದು ಅಂತ ನಂಗೇನು ಗೊತ್ತು?”

“ಈಗ ಗೊತ್ತಾಯ್ತಲ್ಲ ಸಾರ್,” ಎಂದ ಲೈನ್‌ಮ್ಯಾನ್, ಮೇಲಿಂದ.

೩. ದೇವರು

ಬುಡದಲ್ಲಿ ದೇವರ ಚಿತ್ರವಿದ್ದ ಒಂದು ಟೈಲ್ಸ್. ಅರಿಶಿನ, ಕುಂಕುಮ, ಮಲ್ಲಿಗೆ ಹಾರ.

“ಯಾರಪ್ಪ ಇಟ್ಟಿದ್ದು?”

ಲೈನ್‌ಮ್ಯಾನ್ ತಲೆ ಕೆರೆದುಕೊಂಡ. “ನಾನೇ ಸಾರ್. ಜನ ಇಲ್ಲೇ ನಿಂತು ಉಚ್ಚೆ ಹೊಯ್ದು ಕಂಬ ತುಕ್ಕು ಹಿಡೀತಿತ್ತು.”

ಉಪಾಯ ಫಲಿಸಿತ್ತು. ಉಚ್ಚೆ ನಿಂತು, ದಿನಾ ಬೆಳಿಗ್ಗೆ ಒಂದು ಕೊಡ ನೀರಿನ ಅಭಿಷೇಕ ಶುರುವಾಗಿತ್ತು. ತುಕ್ಕಿಗೆ ಭೇದಭಾವವಿಲ್ಲ.

ಗಲ್ಲಿಯ ಹೆಂಗಸರು ಅಡ್ಡ ನಿಂತರು. “ದೇವರನ್ನ ಮುಟ್ಟಂಗಿಲ್ಲ.” ಗಾಳಿ ಎದ್ದಿತು. ಕಂಬ ಕಿರ್ರೆಂದಿತು. ಕಂಬ ಎತ್ತಲು ಬಂದಿದ್ದ ಕ್ರೇನಿನವನು, “ಗುರು, ಬೇಗ!” ಎಂದು ಕೂಗಿದ. ಇಸ್ತ್ರಿ ಅಮ್ಮ ಮುಂದೆ ಬಂದು, “ದೇವರು ನಮ್ಮಂಗಡೀಲೇ ಇರಲಿ. ಆದ್ರೆ ಆಫೀಸರು ಒಂದು ಕೆಲಸ ಮಾಡ್ಬೇಕು,” ಎಂದು ಷರತ್ತು ಹೇಳಿದರು. ನಾನು ಮೋಡ ನೋಡಿದೆ, ಒಪ್ಪಿದೆ.

ದೇವರು ಅಂಗಡಿ ಸೇರಿತು, ಕಂಬ ಲಾರಿ ಸೇರಿತು, ಮಳೆ ಹೊಯ್ಯಿತು. ಅಮ್ಮ ಒಳಗೆ ನಿಶ್ಚಿಂತೆಯಾಗಿ ಅಂಗಿ ತಿಕ್ಕುತ್ತಿದ್ದರು.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, “ಅಷ್ಟು ಸುಲಭಕ್ಕೆ ಬಿಟ್ರಾ? ಕೊನೆಗೆ ಏನು ಕೊಟ್ರಿ?” ಎಂದಳು.

“ಒಂದು ಆರತಿ ಹಾಡು. ನಾನೇ ಹೇಳ್ಬೇಕಂತೆ.”

“ನಿಮಗೆ ಒಂದು ಹಾಡೂ ಬರಲ್ಲವಲ್ರೀ!”

“ಹದಿಮೂರರ ಮಗ್ಗಿ ಬರುತ್ತೆ. ರಾಗವಾಗಿ ಹೇಳಿದೆ. ಹದಿಮೂರೈದಕ್ಕೆ ಬರುವಷ್ಟರಲ್ಲಿ ಎಲ್ಲರೂ ತಾಳಕ್ಕೆ ಚಪ್ಪಾಳೆ ತಟ್ಟಿದರು. ಮುಗಿದಾಗ ಮಂಗಳಾರತಿ ಎತ್ತಿ, ಹದಿನಾಲ್ಕರದೂ ಆಗಲಿ ಅಂದರು. ಅದನ್ನೂ ಕೊಟ್ಟು ಬಂದೆ.”